ಬೆಂಜೊಯೇಟ್ ಹಾಕಿ ಅಳೆದರೆ ಹೀಗೇ ಆಗೋದು
ಮೀಟರ್ ಕೆಟ್ಟಿದೆಯಾ, ವಾಪಸ್ ಕಳಿಸಲಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ ಮೇಡಂ, ಕಳಿಸಬೇಡಿ. ನೀರು, ಪ್ರೊಪಿಲೀನ್ ಗ್ಲೈಕಾಲ್ 60:40 ಮಿಶ್ರಣಕ್ಕೆ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ (ಪ್ಲೇಟುಗಳ ನಡುವೆ ಗಾಳಿಯ ಬದಲು ಆ ದ್ರವ ಇದ್ದರೆ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿಯುವ ಶಕ್ತಿ, ಎಷ್ಟು ಪಟ್ಟು ಅನ್ನುವ ಅಂಕಿ) 1400 ಬಂತು ಅಂತ ಬರೆದಿದ್ದೀರಿ. ಬರೀ ನೀರಿಗೇ 25 ಡಿಗ್ರಿಯಲ್ಲಿ 78.4. ಗ್ಲೈಕಾಲ್‌ಗೆ 32ರ ಆಸುಪಾಸು. ಬೆರೆಸಿದರೆ 60ರ ಹತ್ತಿರ ಬರಬೇಕು ಅಲ್ವಾ? ನಿಮ್ಮ ಫೋಟೋದಲ್ಲಿ ಮೀಟರ್ 1 ಕಿಲೋಹರ್ಟ್ಸ್‌ನಲ್ಲಿದೆ. ಸಾಲದ್ದಕ್ಕೆ ಸೋಡಿಯಂ ಬೆಂಜೊಯೇಟ್ (ಕೆಡದಂತೆ ಹಾಕುವ ಉಪ್ಪು, ಪ್ರಿಸರ್ವೇಟಿವ್) ಬೇರೆ ಹಾಕಿದ್ದೀರಿ.

ಎಂ.ಫಾರ್ಮ್ ಪ್ರಾಜೆಕ್ಟಿನಲ್ಲಿ ನಾನೂ ಇದನ್ನೇ ಮಾಡಿ ಮೂರು ವಾರ ಹಾಳು ಮಾಡಿಕೊಂಡೆ. ಸಿರಪ್‌ನಲ್ಲಿ ಏನೇನು ಇರುತ್ತೋ ಅದೆಲ್ಲ ಇರಲಿ ಅಂತ ಪ್ರಿಸರ್ವೇಟಿವ್, ಬಫರ್ ಎಲ್ಲ ಸುರಿದಿದ್ದೆ. ಪಕ್ಕದ ವಿಭಾಗದಿಂದ ಇನ್ನೊಂದು ಮೀಟರ್ ಬೇಡಿ ತಂದರೂ ಅದೇ ಹುಚ್ಚು ಅಂಕಿ. ಇಂಥ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅಯಾನುಗಳು (ಉಪ್ಪು ಕರಗಿದಾಗ ಬರುವ ಚಾರ್ಜ್ ಇರುವ ಕಣಗಳು) ಪ್ಲೇಟಿಗೆ ಹೋಗಿ ಮೆತ್ತಿಕೊಳ್ಳುತ್ತವೆ. ಮೀಟರ್ ಆ ಪದರವನ್ನು ಅಳೆಯುತ್ತದೆ, ನಿಮ್ಮ ದ್ರಾವಕವನ್ನಲ್ಲ. ಹೊಸದಾಗಿ ತೆಗೆದ ಡಿಅಯಾನೈಸ್ಡ್ ನೀರು, ಬರೀ ದ್ರಾವಕ, ಅಷ್ಟೇ ಇರಲಿ. 100 ಕಿಲೋಹರ್ಟ್ಸ್, 500, 1 ಮೆಗಾಹರ್ಟ್ಸ್ ಮೂರರಲ್ಲೂ ಓದಿ. ಅಂಕಿ ಇಳಿಯುತ್ತಲೇ ಹೋದರೆ ನಂಬಬೇಡಿ.

ಹಿಯೋಕಿ ಮೀಟರ್ ಒಳ್ಳೇದಾ ಕೀಸೈಟ್ ಕಂಪನಿಯದ್ದು ಒಳ್ಳೇದಾ ಅಂತ ಮೇಲಿನ ಕಾಮೆಂಟುಗಳಲ್ಲಿ ಜಗಳ ನಡೆದಿದೆ. ಸುಮ್ನೆ ದುಡ್ಡಿನ ಮಾತು. ಸೆಲ್ (ದ್ರವ ತುಂಬಿ ಅಳೆಯುವ, ಎರಡು ಪ್ಲೇಟಿನ ಡಬ್ಬಿ) ಸರಿಯಿಲ್ಲದಿದ್ದರೆ ಯಾವುದೂ ಉದ್ಧಾರ ಮಾಡಲ್ಲ. ದ್ರಾವಣದ ರೀಡಿಂಗನ್ನು ಗಾಳಿಯ ರೀಡಿಂಗಿನಿಂದ ಭಾಗಿಸಿ ಕೈತೊಳೆದುಕೊಳ್ಳಬೇಡಿ, ವೈರಿನ ಕೆಪಾಸಿಟೆನ್ಸೂ ಅದರಲ್ಲಿ ಸೇರಿರುತ್ತೆ. ಸೆಲ್ 8 ಪಿಕೋಫ್ಯಾರಡ್, ವೈರು 6 ಅಂದುಕೊಳ್ಳಿ. ಗಾಳಿಗೆ 14, ನೀರಿಗೆ 633 (8ರ 78.4 ಪಟ್ಟು, ಮೇಲೆ 6). ಭಾಗಿಸಿದರೆ ನೀರು 45 ಅನ್ನುತ್ತೆ! ಗಾಳಿ, ಟಾಲ್ವೀನ್ 2.4, ಅಸಿಟೋನ್ 20.7, ನೀರು 78.4, ಇವಿಷ್ಟನ್ನೂ ಅಳೆದು, ಗ್ರಾಫಿನಲ್ಲಿ ಈ ಅಂಕಿಗಳ ಎದುರು ರೀಡಿಂಗ್ ಇಟ್ಟು ಗೆರೆ ಎಳೆಯಿರಿ. ಆ ಗೆರೆಯ ಇಳಿಜಾರೇ ವೈರು ಬಿಟ್ಟು ಬರೀ ಸೆಲ್‌ನ ಕೆಪಾಸಿಟೆನ್ಸ್. ಆದರೆ ಅಕ್ರಿಲಿಕ್ ಸೆಲ್‌ಗೆ ಅಸಿಟೋನ್ ಹಾಕೀರಿ ಜೋಕೆ, ನನ್ನದು ಬಿರುಕು ಬಿಟ್ಟು ಹಾಲಿನ ಹಾಗೆ ಬೆಳ್ಳಗಾಯಿತು. ಸ್ಟೀಲ್ ಪ್ಲೇಟು, ಟೆಫ್ಲಾನ್ ಸ್ಪೇಸರ್ ಸಾಕು.

ವಾಟರ್ ಬಾತ್ ಇಲ್ಲದೆ ಕೂರಲೇಬೇಡಿ. ಒಂದು ಡಿಗ್ರಿ ಏರಿದರೆ ನೀರಿನದ್ದು 0.36ರಷ್ಟು ಇಳಿಯುತ್ತೆ. ಆಲ್ಕೋಹಾಲಿಗೆ ನೀರು ಬೆರೆಸಿದಾಗ ತಾನಾಗಿ ಬಿಸಿಯಾಗುತ್ತೆ, ತಣಿಯಲು ಬಿಡಿ. ಗ್ಲಿಸರಿನ್ ಇದ್ದರೆ ಗುಳ್ಳೆ ಹೋಗುವ ತನಕ ಕಾಯಿರಿ; ಗುಳ್ಳೆ ಇದ್ದರೆ ಅಂಕಿ ಕಮ್ಮಿ ಬರುತ್ತೆ.

ಕಲಬೆರಕೆ ಗ್ಲೈಕಾಲ್ ಈ ಅಳತೆಯಲ್ಲೇ ಸಿಕ್ಕಿಬೀಳುತ್ತಾ ಅಂತ ಕೆಳಗಿನ ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದಾರೆ. ಬೀಳಲ್ಲ. ಕಲಬೆರಕೆಯಾಗಿ ಬರುವ ವಿಷ, ಡೈಎಥಿಲೀನ್ ಗ್ಲೈಕಾಲ್, ಅದರದ್ದೂ 32ರ ಆಸುಪಾಸೇ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಲಿಕ್ಸಿರ್ ಅನ್ನೋ ಸಿರಪ್ ಔಷಧಿ ಕುಡಿದು ನೂರಕ್ಕೂ ಜಾಸ್ತಿ ಜನ ಸತ್ತಿದ್ದು ಆ ದ್ರಾವಕದಿಂದಲೇ. ಅದನ್ನು ಹಿಡಿಯಲು ಗ್ಯಾಸ್ ಕ್ರೊಮ್ಯಾಟೊಗ್ರಫಿಯೇ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಬೇಕು, ಬಂದ ಪ್ರತಿ ಡ್ರಮ್ಮಿಗೂ.