‘ಅನಿಸಿತು’ ಬೇರೆ, ‘ಆಯಿತು’ ಬೇರೆ

ಪತ್ರದ ಸಾರ: ಬನಹಟ್ಟಿಯ ಓದುಗರೊಬ್ಬರು ವಿದ್ಯುತ್ ಮಗ್ಗಗಳ ಸಣ್ಣ ಶೆಡ್ ನಡೆಸುತ್ತಾರೆ. ಮಗ ಮೊಬೈಲ್ ನೋಡುತ್ತಿದ್ದಾಗ ಎಳೆ ಹರಿದದ್ದು ತಿಳಿಯದೆ ಸೀರೆಯೊಂದರಲ್ಲಿ ಉದ್ದಕ್ಕೂ ಗೆರೆ ಬಿದ್ದಿತು. ‘ನಿನ್ನಿಂದ ಯಾವ ಕೆಲಸವೂ ಆಗುವುದಿಲ್ಲ’ ಎಂದು ಕೆಲಸಗಾರರ ಎದುರೇ ಕೂಗಿದರು. ಅಂದಿನಿಂದ ಮಗ ಶೆಡ್ಡಿಗೆ ಕಾಲಿಟ್ಟಿಲ್ಲ. ಅಹಿಂಸಾತ್ಮಕ ಸಂವಾದದ (ಯಾರನ್ನೂ ಹಳಿಯದೆ ಮನಸ್ಸಿನಲ್ಲಿರುವುದನ್ನು ಹೇಳುವ ಪದ್ಧತಿಯ) ಬಗ್ಗೆ ನಮ್ಮಲ್ಲಿ ಬಂದ ಲೇಖನ ಓದಿ ಅವರು ಮೂರು ವಾರಗಳಿಂದ ರಾತ್ರಿ ದಿನಚರಿ ಬರೆಯುತ್ತಿದ್ದಾರೆ. ಮನಸ್ಸು ಹಗುರವಾಗುವ ಬದಲು ಭಾರವಾಗಿದೆ. ಮೆತ್ತಗೆ ಮಾತನಾಡಲು ಹೋದರೆ ಮನೆಯವರು ‘ಏಕೆ, ಮೈಯಲ್ಲಿ ಹುಷಾರಿಲ್ಲವೇ?’ ಎನ್ನುತ್ತಾರಂತೆ. ‘ನಮ್ಮ ಕಡೆಯ ಮಾತೇ ಒರಟು. ನಮ್ಮಂಥವರಿಗೆ ಇದು ಸಾಧ್ಯವೇ?’ ಎಂದು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ದಿನಚರಿಯ ನಾಲ್ಕು ಸಾಲುಗಳನ್ನು ನಂಬಿಕೆಯಿಟ್ಟು ಕಳಿಸಿದ್ದೀರಿ. ‘ಇಂದೂ ಸಿಟ್ಟು ಮಾಡಿದೆ. ನಾನು ಒಳ್ಳೆಯ ತಂದೆಯಲ್ಲ. ನನ್ನ ಬಾಯಿ ಕೆಟ್ಟದ್ದು. ಇದು ಬದಲಾಗುವುದಿಲ್ಲ.’ ಓದಿ ನನಗೆ ಸಂಕಟವಾಯಿತು. ಈ ನಾಲ್ಕರಲ್ಲಿ ಅಂದು ನಡೆದದ್ದು ಏನೆಂಬುದು ಎಲ್ಲಿಯೂ ಇಲ್ಲ. ಯಾರಿಗೆ ಏನೆಂದಿರಿ, ಆಗ ಗಂಟೆ ಎಷ್ಟಾಗಿತ್ತು, ಅವರ ಮುಖ ಹೇಗಿತ್ತು, ಒಂದೂ ಇಲ್ಲ. ಬರೀ ತೀರ್ಪು. ಹಗಲು ಮಗನಿಗೆ ಕೊಟ್ಟ ತೀರ್ಪನ್ನೇ ರಾತ್ರಿ ನಿಮಗೆ ಕೊಟ್ಟುಕೊಳ್ಳುತ್ತಿದ್ದೀರಿ. ಮನಸ್ಸು ಭಾರವಾಗದೆ ಇನ್ನೇನಾದೀತು?

ಅಹಿಂಸಾತ್ಮಕ ಸಂವಾದದ ಪದ್ಧತಿಯನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ (1934–2015) ಬಾಲಕನಾಗಿದ್ದಾಗ 1943ರ ಡೆಟ್ರಾಯಿಟ್ ಜನಾಂಗೀಯ ಗಲಭೆಯನ್ನು ಕಂಡವರು. ಅಹಿಂಸೆ ಎಂಬ ಮಾತನ್ನು ಅವರು ಗಾಂಧೀಜಿ ಬಳಸಿದ ಅರ್ಥದಲ್ಲಿಯೇ ತೆಗೆದುಕೊಂಡರು. ನಡೆದದ್ದನ್ನು ನಡೆದಂತೆ ಹೇಳುವುದು, ಆಗ ಆದ ಭಾವವನ್ನು ಹೆಸರಿಸುವುದು, ಆ ಭಾವದ ಹಿಂದಿನ ಅಗತ್ಯವನ್ನು ಗುರುತಿಸುವುದು, ಕೊನೆಗೆ ಬೇಕಾದದ್ದನ್ನು ಎದುರಿನವರಲ್ಲಿ ಕೇಳಿಕೊಳ್ಳುವುದು: ಅವರು ಹೇಳಿದ ನಾಲ್ಕು ಮೆಟ್ಟಿಲುಗಳು ಇವು. ತನ್ನ ತಪ್ಪಿನ ಮುಂದೆ ಕುಳಿತಾಗಲೂ ಇವೇ. ತನ್ನನ್ನು ಹಳಿದುಕೊಳ್ಳುವ ಬದಲು, ಆ ಮಾತು ಆಡಿದಾಗ ನನಗೆ ಏನು ಬೇಕಾಗಿತ್ತು ಎಂದು ಕೇಳಿಕೊಂಡು, ಅದು ಸಿಗದ್ದಕ್ಕೆ ಮರುಗಬೇಕು ಎಂದರು.

ದಿನಚರಿಯ ಮೊದಲ ಪುಟದಲ್ಲಿ ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನ ಬರೆದುಕೊಂಡಿರುವುದಾಗಿ ತಿಳಿಸಿದ್ದೀರಿ. ‘ಮುನಿಯಬೇಡ’ ಎಂಬಲ್ಲಿ ಪ್ರತಿ ರಾತ್ರಿ ನಿಮ್ಮ ಕಣ್ಣು ನಿಲ್ಲುತ್ತದೆ. ದಯವಿಟ್ಟು ಮುಂದಕ್ಕೆ ಹೋಗಿ. ‘ಇದಿರ ಹಳಿಯಲು ಬೇಡ’ ಎಂದಿದೆಯಲ್ಲ, ಎಲ್ಲರೂ ಮಲಗಿದ ಮೇಲೆ ಆ ಪುಟದ ಮುಂದೆ ನಿಮ್ಮ ಇದಿರಿಗೆ ಕುಳಿತವರು ಯಾರು? ನೀವೇ ಅಲ್ಲವೇ?

ನನ್ನ ಅನುಭವವೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ದೀಪಾವಳಿ ವಿಶೇಷಾಂಕದಲ್ಲಿ ಕವಿಯೊಬ್ಬರ ಹೆಸರು ತಪ್ಪಾಗಿ ಅಚ್ಚಾಯಿತು. ಕರಡು ತಿದ್ದುವ ಹುಡುಗನನ್ನು ಕರೆದು ನಾಲ್ಕು ಜನರ ನಡುವೆ ‘ನಿನಗೆ ಕಣ್ಣಿಲ್ಲವೇ?’ ಎಂದೆ. ರಾತ್ರಿ ದಿನಚರಿಯಲ್ಲಿ ‘ಹುಡುಗನಿಗೆ ಜವಾಬ್ದಾರಿ ಇಲ್ಲ’ ಎಂದು ಬರೆದು, ಹೊಡೆದುಹಾಕಿ, ನಡೆದದ್ದನ್ನಷ್ಟೇ ಬರೆಯಲು ತೊಡಗಿದೆ. ‘ಒಂದು ಅಕ್ಷರ ತಪ್ಪಾಗಿತ್ತು. ನಾನು ಕಣ್ಣಿಲ್ಲವೇ ಎಂದೆ. ಆತ ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡ.’ ಆ ಕೊನೆಯ ಸಾಲು ಬರೆಯುವವರೆಗೆ, ಕನ್ನಡಕ ಹಾಕಿದ ಹುಡುಗನಿಗೆ ನಾನು ಎಂಥ ಮಾತು ಆಡಿದ್ದೆ ಎಂಬುದು ನನಗೆ ಹೊಳೆದಿರಲಿಲ್ಲ. ಮರುದಿನ ಅದೇ ನಾಲ್ಕು ಜನರ ಎದುರು ಕ್ಷಮೆ ಕೇಳಿದೆ.

ಇನ್ನು ಒರಟು ಮಾತಿನ ವಿಚಾರ. ಮಗ್ಗಗಳು ಓಡುವ ಶೆಡ್ಡಿನಲ್ಲಿ ಕೂಗದೆ ಯಾರ ಕಿವಿಗೂ ಏನೂ ಬೀಳದು. ವಿಜಯಪುರದ ಸಂತೆಯಲ್ಲಿ ಇಬ್ಬರು ಗೆಳೆಯರು ಮಾತನಾಡುವುದನ್ನು ಹೊರಗಿನವರು ಕೇಳಿದರೆ ಜಗಳವೆಂದೇ ತಿಳಿಯುತ್ತಾರೆ. ದನಿ ದೊಡ್ಡದಿದ್ದರೆ ಹಿಂಸೆಯಾಗುವುದಿಲ್ಲ. ‘ಹೋಗಲಿ ಬಿಡಪ್ಪಾ, ನಿನ್ನಿಂದ ಇದು ಆಗಲಿಕ್ಕಿಲ್ಲ’ ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳಿ ಮಗನ ಕೈಕಾಲಿನ ಬಲವನ್ನೇ ಕಸಿದ ತಂದೆಯರನ್ನು ನಾನು ಕಂಡಿದ್ದೇನೆ. ನಿಮ್ಮ ದನಿಯನ್ನು ಬದಲಿಸಬೇಡಿ. ಮನೆಯವರಿಗೆ ವಿಚಿತ್ರವೆನಿಸಿದ್ದು ಆ ಎರವಲು ದನಿಯೇ ಇರಬೇಕು.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ನನಗೆ ಬಹಳ ಪ್ರಿಯವಾದ ವಿಷಯ. ಭಾವವನ್ನು ಹೆಸರಿಸುವುದಕ್ಕೆ ಕನ್ನಡದಲ್ಲಿ ಸಿದ್ಧ ದಾರಿಯೇ ಇದೆ. ನಮಗೆ ಸಿಟ್ಟು ಬರುತ್ತದೆ, ಭಯವಾಗುತ್ತದೆ, ಬೇಸರವಾಗುತ್ತದೆ. ಬಂದದ್ದು ಹೋಗಲೂಬಹುದು ಎಂಬ ತಿಳಿವಳಿಕೆ ಆ ಕ್ರಿಯಾಪದದಲ್ಲಿಯೇ ಇದೆ. ತೊಡಕಾಗುವುದು ‘ಅನಿಸಿತು’ ಎಂಬ ಪದದಿಂದ. ‘ಅವನಿಗೆ ನನ್ನ ಮೇಲೆ ಗೌರವವಿಲ್ಲ ಅನಿಸಿತು’ ಎಂದು ಬರೆದಾಗ ಭಾವ ಬರೆದೆವೆಂದುಕೊಳ್ಳುತ್ತೇವೆ. ಬರೆದದ್ದು ಮಗನ ಮೇಲಿನ ಆರೋಪ. ಹಾಗಾಗಿ ಒಂದು ವಾರ ‘ಅನಿಸಿತು’ ಪದವನ್ನು ಬಿಟ್ಟು, ‘ಆಯಿತು’ ಅಥವಾ ‘ಬಂತು’ ಎಂದು ಮುಗಿಯುವ ವಾಕ್ಯಗಳನ್ನೇ ಬರೆದು ನೋಡಿ. ‘ಅವಮಾನವಾಯಿತು’ ಎಂಬುದೊಂದು ಈ ಜರಡಿಯಿಂದ ನುಸುಳಿ ಬರುತ್ತದೆ. ಅದರೊಳಗೆ ಅವಮಾನ ಮಾಡಿದವನೊಬ್ಬ ಅಡಗಿರುತ್ತಾನೆ. ಅದು ಬಂದಾಗ ಇನ್ನೂ ಸ್ವಲ್ಪ ಕೆಳಗೆ ಅಗೆಯಿರಿ. ನಾಚಿಕೆಯೋ ದುಃಖವೋ ಸಿಗುತ್ತದೆ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಬೇರೇನೋ ಹೇಳುತ್ತ, ಆ ಸೀರೆಗಳನ್ನು ಸಾಹುಕಾರರಿಗೆ ಒಪ್ಪಿಸಲು ಎರಡೇ ದಿನ ಉಳಿದಿತ್ತು ಎಂದು ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲಿ ಮುಖ್ಯವಾದ ಸಾಲು ಇದು. ಅಂದು ನಿಮಗೆ ಭಯವಾಗಿತ್ತು. ಜೊತೆಗೆ ಒಬ್ಬರು ಬೇಕಾಗಿತ್ತು. ಮಗನ ಕಿವಿಗೆ ಅದು ಮುಟ್ಟಲೇ ಇಲ್ಲ.

ಮಗ್ಗಗಳು ಸುಮ್ಮನಿರುವ ಹೊತ್ತು, ಕರೆಂಟು ಹೋದಾಗಲಾದರೂ ಸರಿ, ಕೆಲಸಗಾರರು ಇಲ್ಲದಿರುವಾಗ ಮಗನ ಬಳಿ ಹೋಗಿ ನಿಮ್ಮದೇ ದನಿಯಲ್ಲಿ ಹೇಳಿ: ‘ತಮ್ಮಾ, ಅಂದು ಎಲ್ಲರ ಎದುರು ನಾನು ಆ ಮಾತು ಆಡಿದೆ. ಸೀರೆ ಕೊಡಲು ಎರಡೇ ದಿನ ಇತ್ತು, ನನಗೆ ಭಯವಾಗಿತ್ತು. ನೀನು ಜೊತೆಗಿದ್ದರೆ ನನಗೆ ಧೈರ್ಯ. ನಾಳೆ ಬೆಳಿಗ್ಗೆ ಒಂದು ತಾಸು ಬರುತ್ತೀಯಾ?’ ಮೊಬೈಲಿನ ಮಾತು ಅಂದು ಎತ್ತಬೇಡಿ. ಅದಕ್ಕೆ ಇನ್ನೊಂದು ದಿನವಿದೆ.

ಬರುವುದಿಲ್ಲ ಎಂದು ಅವನು ಹೇಳಬಹುದು. ಕೇಳಿಕೊಂಡದ್ದು ವಿನಂತಿಯೋ ಆಜ್ಞೆಯೋ ಎಂಬುದು ಆ ಗಳಿಗೆಯಲ್ಲಿಯೇ ಗೊತ್ತಾಗುತ್ತದೆ ಎಂದು ರೋಸೆನ್‌ಬರ್ಗ್ ಹೇಳುತ್ತಿದ್ದರು. ಆಗ ಸಿಟ್ಟು ಬಂದರೆ ಬರಲಿ. ‘ಆಗಲಿ’ ಎಂದು ಹೊರಬನ್ನಿ. ರಾತ್ರಿ ದಿನಚರಿಯಲ್ಲಿ ಮೂರೇ ಸಾಲು ಸಾಕು: ‘ಕೇಳಿದೆ. ಬರುವುದಿಲ್ಲ ಎಂದ. ನನಗೆ ದುಃಖವಾಯಿತು.’ ಮಲಗಿ. ಕೆಲವು ದಿನ ಬಿಟ್ಟು ಮತ್ತೆ ಕೇಳಿ.

ಏನಾಯಿತೆಂದು ನನಗೆ ಬರೆಯಿರಿ. ನೀವು ಬಯಸದಿದ್ದರೆ ಆ ಪತ್ರವನ್ನು ಪ್ರಕಟಿಸುವುದಿಲ್ಲ.

— ಸಂಪಾದಕ