ಪ್ರವಾಸ ಪ್ರಶ್ನೋತ್ತರ: ಹಿಮೇಜಿಯೋ ನಾರಾವೋ?

ಪ್ರಶ್ನೆ: ನವೆಂಬರ್ ಎರಡನೆಯ ವಾರದಲ್ಲಿ ನಾನೂ ನನ್ನ ಪತ್ನಿಯೂ ಜಪಾನಿಗೆ ಹೋಗುತ್ತಿದ್ದೇವೆ. ಕ್ಯೋಟೋದಲ್ಲಿ ತಂಗುವ ದಿನಗಳ ಪೈಕಿ ಒಂದು ಹಗಲನ್ನು ಬೇರೆ ಊರಿಗೆ ಮೀಸಲಿಟ್ಟಿದ್ದೇವೆ. ಹಿಮೇಜಿಯ ಕೋಟೆ ನೋಡಬೇಕೆಂಬುದು ನನ್ನ ಆಸೆ. ನಾರಾದ ಬುದ್ಧನನ್ನೂ ಜಿಂಕೆಗಳನ್ನೂ ನೋಡಬೇಕೆಂಬುದು ಆಕೆಯದು. ಎರಡನ್ನೂ ಒಂದೇ ದಿನದಲ್ಲಿ ಮುಗಿಸಬಹುದೇ? ಆಕೆಗೆ ಮಂಡಿನೋವಿದೆ, ಶ್ರವಣಬೆಳಗೊಳದ ಮೆಟ್ಟಿಲುಗಳನ್ನು ಈಗ ಹತ್ತಲಾರಳು. ಇಬ್ಬರೂ ಸಸ್ಯಾಹಾರಿಗಳು.
– ಓದುಗರೊಬ್ಬರು, ಹಾಸನ

ಉತ್ತರ: ಎರಡನ್ನೂ ಒಂದೇ ದಿನಕ್ಕೆ ಸೇರಿಸಬೇಡಿ. ಹಿಮೇಜಿ ಇರುವುದು ಒಸಾಕಾ, ಕೋಬೆಗಳನ್ನು ದಾಟಿ ಪಶ್ಚಿಮಕ್ಕೆ. ನಾರಾ ಇರುವುದು ಕ್ಯೋಟೋದ ದಕ್ಷಿಣಕ್ಕೆ. ನವೆಂಬರಿನಲ್ಲಿ ಅಲ್ಲಿ ಸಂಜೆ ಐದರ ಹೊತ್ತಿಗೇ ಕತ್ತಲಾಗುವುದರಿಂದ, ಇದ್ದಷ್ಟು ಹಗಲೂ ರೈಲಿನಲ್ಲೇ ಕಳೆದೀತು. ಒಂದನ್ನೇ ಆರಿಸುವುದಾದರೆ ನನ್ನ ಮತ ನಿಮ್ಮ ಶ್ರೀಮತಿಯವರ ಪಕ್ಷಕ್ಕೆ. 1609ರಲ್ಲಿ ಪೂರ್ಣಗೊಂಡ ಹಿಮೇಜಿಯ ಮುಖ್ಯ ಗೋಪುರ ಅದ್ಭುತವಾದದ್ದೇ. ಆದರೆ ಅದರೊಳಗೆ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು, ಏಣಿಯಷ್ಟೇ ಕಡಿದಾದ ಮರದ ಮೆಟ್ಟಿಲುಗಳನ್ನು ಅಂತಸ್ತಿನಿಂದ ಅಂತಸ್ತಿಗೆ ಹತ್ತಿ ಇಳಿಯಬೇಕು. ಮಂಡಿನೋವಿದ್ದವರು ಕೆಳಗೇ ಕುಳಿತು ಕಾಯಬೇಕಾಗುವ ಊರಿಗೆ ಇಬ್ಬರೂ ಸೇರಿ ಹೋಗುವುದರಲ್ಲಿ ಅರ್ಥವಿಲ್ಲ.

ನಾರಾಕ್ಕೆ ಕ್ಯೋಟೋದಿಂದ ಎರಡು ರೈಲುಮಾರ್ಗಗಳಿವೆ. ಜೆಆರ್ (ಜಪಾನ್ ರೈಲ್ವೇಸ್) ನಿಲ್ದಾಣಕ್ಕಿಂತ ಕಿನ್ತೆತ್ಸು ಕಂಪನಿಯ ನಾರಾ ನಿಲ್ದಾಣ ಜಿಂಕೆಗಳಿರುವ ಉದ್ಯಾನಕ್ಕೆ ಬಹಳ ಹತ್ತಿರ. ಆದ್ದರಿಂದ ಕಿನ್ತೆತ್ಸುವಿನಲ್ಲೇ ಹೋಗಿ. ಲಿಮಿಟೆಡ್ ಎಕ್ಸ್‌ಪ್ರೆಸ್ ಸುಮಾರು 35 ನಿಮಿಷದಲ್ಲಿ ತಲುಪಿಸುತ್ತದೆ, ಆದರೆ ಅದಕ್ಕೆ ಹೆಚ್ಚುವರಿ ಶುಲ್ಕವಿದೆ. ವಿದೇಶಿ ಪ್ರವಾಸಿಗರ ಜೆಆರ್ ಪಾಸ್ ಈ ಮಾರ್ಗದಲ್ಲಿ ನಡೆಯುವುದಿಲ್ಲ.

ಬಹುಪಾಲು ಪ್ರವಾಸಿಗರು ನಿಲ್ದಾಣದಿಂದ ಏರುದಾರಿಯಲ್ಲಿ ನಡೆಯುತ್ತಾ ಹೋಗಿ, ಕೊನೆಯ ದೇಗುಲ ತಲುಪುವಷ್ಟರಲ್ಲಿ ಬಸವಳಿದಿರುತ್ತಾರೆ. ನೀವು ಈ ಕ್ರಮವನ್ನು ತಿರುಗಿಸಿಕೊಳ್ಳಿ. ನಿಲ್ದಾಣದೆದುರು ಬಸ್ಸು ಹಿಡಿದು ನೇರವಾಗಿ ಕಸುಗಾ ತಾಯ್ಶಾ ಮಂದಿರಕ್ಕೆ ಹೋದರೆ, ಅಲ್ಲಿಂದ ಮುಂದಿನ ದಾರಿ ಬಹುಮಟ್ಟಿಗೆ ಇಳಿಜಾರು. 768ರಲ್ಲಿ ಸ್ಥಾಪಿತವಾದ, ಜಪಾನಿನ ಮೂಲಧರ್ಮವಾದ ಶಿಂತೋಗೆ ಸೇರಿದ ಈ ಮಂದಿರದಲ್ಲಿ ಕಲ್ಲಿನವೂ ಕಂಚಿನವೂ ಸೇರಿ ಸುಮಾರು 3,000 ದೀಪಗಳಿವೆ. ಇಲ್ಲಿನ ದೇವರು ಬಿಳಿ ಜಿಂಕೆಯನ್ನೇರಿ ಬಂದನೆಂಬ ಐತಿಹ್ಯದಿಂದಲೇ ನಾರಾದ ಜಿಂಕೆಗಳಿಗೆ ಪಾವಿತ್ರ್ಯ ಬಂದದ್ದು. ಅಲ್ಲಿಂದ ವಾಕಾಕುಸಾ ಗುಡ್ಡದ ಬುಡದಲ್ಲಿ ಸಾಗಿದರೆ ನಿಗಾತ್ಸುದೋ ಎಂಬ ಬೌದ್ಧ ಮಂದಿರ ಸಿಗುತ್ತದೆ. ಅಲ್ಲಿ ಕೆಲವು ಮೆಟ್ಟಿಲುಗಳಿವೆ, ಆದರೆ ನಿಧಾನವಾಗಿ ಹತ್ತಿದರೆ ಇಡೀ ಊರು ಕಾಣುವ ಮರದ ಜಗುಲಿ ದೊರೆಯುತ್ತದೆ, ಅದೂ ಟಿಕೆಟ್ಟಿಲ್ಲದೆ.

ನಂತರ ನಿಮ್ಮ ಪತ್ನಿಯವರು ನೋಡಬಯಸಿದ ಬುದ್ಧನಿರುವ ದೇಗುಲ, ತೋದಾಯ್‌ಜಿ. ಇಲ್ಲಿ ಅವಸರ ಮಾಡಬೇಡಿ. ಸುಮಾರು 15 ಮೀಟರ್ ಎತ್ತರದ ಈ ಕಂಚಿನ ವೈರೋಚನ ಬುದ್ಧನಿಗೆ 752ರಲ್ಲಿ ನೇತ್ರೋನ್ಮೀಲನ ನೆರವೇರಿಸಿದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಕಣ್ಣು ಬರೆದ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ನೆರೆದವರೆಲ್ಲ ಅವುಗಳನ್ನು ಹಿಡಿದು ಪುಣ್ಯದಲ್ಲಿ ಪಾಲ್ಗೊಂಡರಂತೆ. 1180 ಮತ್ತು 1567ರ ಯುದ್ಧಗಳಲ್ಲಿ ಬುದ್ಧನಿರುವ ಭವನ ಸುಟ್ಟುಹೋಯಿತು. ಈಗಿರುವ, 1709ರಲ್ಲಿ ಪೂರ್ಣಗೊಂಡ ಭವನವು ಮೂಲದ್ದಕ್ಕಿಂತ ಅಗಲದಲ್ಲಿ ಸುಮಾರು ಮೂರನೇ ಒಂದು ಭಾಗ ಕಿರಿದು ಎಂದರೆ, ಅದರೆದುರು ನಿಂತವರಿಗೆ ನಂಬಿಕೆ ಬರುವುದಿಲ್ಲ. ಹೊರಬರುವಾಗ ನಾನ್‌ದಾಯ್‌ಮೋನ್ ದ್ವಾರದ ಎರಡೂ ಬದಿಯ ಮರದ ದ್ವಾರಪಾಲಕರನ್ನು ತಲೆಯೆತ್ತಿ ನೋಡಿ. ಎಂಟು ಮೀಟರಿಗೂ ಎತ್ತರವಾದ ಇವು 1203ರಲ್ಲಿ ಉನ್‌ಕೇಯ್, ಕಾಯ್‌ಕೇಯ್ ಮತ್ತು ಅವರ ಸಂಗಡಿಗರು ಕಡೆದವು.

ಜಿಂಕೆಗಳ ವಿಷಯದಲ್ಲಿ ನಿಮ್ಮ ಪತ್ನಿಯವರಿಗೆ ಒಂದು ಎಚ್ಚರಿಕೆ ಹೇಳಬೇಕು. ಅವು ಸಾಕಿದ ಪ್ರಾಣಿಗಳಲ್ಲ, ಮತ್ತು ಶರತ್ಕಾಲವು ಗಂಡು ಜಿಂಕೆಗಳು ಕೆರಳುವ ಕಾಲ. ಅಲ್ಲಿ ಮಾರುವ ಅಕ್ಕಿತೌಡಿನ ಬಿಲ್ಲೆಗಳನ್ನು ಬಿಟ್ಟು ಬೇರೇನನ್ನೂ ತಿನ್ನಿಸಬಾರದು. ಕೊಡುವುದಿದ್ದರೆ ಆಟವಾಡಿಸದೆ ಬೇಗ ಕೊಟ್ಟು, ಮುಗಿದ ಮೇಲೆ ಬರಿಗೈ ತೋರಿಸಬೇಕು.

ಊಟದ ಬಗ್ಗೆ ಹೇಳುವುದಾದರೆ, ಬುತ್ತಿ ಕಟ್ಟಿಕೊಂಡು ಹೋಗುವುದೇ ಲೇಸು. ತರಕಾರಿಯಷ್ಟೇ ಕಾಣುವ ಉದೋನ್ (ದಪ್ಪ ಗೋಧಿ ನೂಡಲ್ಸ್) ಬಟ್ಟಲಿನ ಸಾರಿಗೂ ಸಾಮಾನ್ಯವಾಗಿ ಒಣಮೀನಿನ ರಸವೇ ಆಧಾರ, ಮತ್ತು ನಾರಾದ ಹೆಸರಾಂತ ಎಲೆಸುತ್ತಿನ ಸುಶಿಯಲ್ಲೂ ಮೀನಿದೆ. ಬುತ್ತಿಯನ್ನು ಮಾತ್ರ ಜಿಂಕೆಗಳಿರುವಲ್ಲಿ ಬಿಚ್ಚಬೇಡಿ. ಅವು ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಉದ್ಯಾನದಲ್ಲಿ ಕಸದ ತೊಟ್ಟಿ ಸಿಗುವುದು ಅಪರೂಪವಾದ್ದರಿಂದ ಒಂದು ಖಾಲಿ ಚೀಲವೂ ಜೊತೆಗಿರಲಿ.

ನಿಲ್ದಾಣಕ್ಕೆ ಮರಳುವ ದಾರಿಯಲ್ಲೇ ಕೋಫುಕುಜಿ ಎಂಬ ಬೌದ್ಧ ದೇಗುಲ ಇದೆ. ಅಲ್ಲಿನ ಐದಂತಸ್ತಿನ ಗೋಪುರ ಹಲವು ವರ್ಷಗಳ ದುರಸ್ತಿಗಾಗಿ ಮುಚ್ಚಿಕೊಂಡಿರುವುದರಿಂದ ಚಿತ್ರದಲ್ಲಿ ಕಂಡದ್ದು ಎದುರಿಗೆ ಕಾಣದು. ನಿರಾಶರಾಗದೆ ಅದರ ನಿಧಿಭವನಕ್ಕೆ ಹೋಗಿ. ಮೂರು ಮುಖ, ಆರು ಕೈಗಳ ಅಸುರನನ್ನೂ ಅವನ ಜೊತೆಗಾರರಾದ ಗರುಡ, ಕಿನ್ನರ, ಗಂಧರ್ವರನ್ನೂ 734ರಲ್ಲಿ ಅರಗು ಮತ್ತು ಬಟ್ಟೆಯಿಂದ ರೂಪಿಸಿದ ಮೂರ್ತಿಗಳಲ್ಲಿ ಕಾಣುವುದು ನಮ್ಮವರಿಗೆ ಬೇರೆಯೇ ಅನುಭವ. ಭವನ ಐದಕ್ಕೆ ಮುಚ್ಚುವುದರಿಂದ ನಾಲ್ಕರೊಳಗೆ ಅಲ್ಲಿರಿ. ಮರಳುವ ರೈಲುಗಳಲ್ಲಿ ಎಲ್ಲವೂ ಕ್ಯೋಟೋಗೆ ಹೋಗುವುದಿಲ್ಲ, ಕೆಲವನ್ನು ಹತ್ತಿದರೆ ಯಾಮಾತೋ-ಸಾಯ್‌ದಾಯ್‌ಜಿ ನಿಲ್ದಾಣದಲ್ಲಿ ಇಳಿದು ರೈಲು ಬದಲಿಸಬೇಕು. ಹತ್ತುವ ಮೊದಲು ಫಲಕ ನೋಡಿಕೊಳ್ಳಿ.