ಮೂರನೆಯ ತಿಂಗಳ ಬಿಸಿಆರ್-ಎಬಿಎಲ್ 14% ಇದ್ದರೆ
ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ನಿಮ್ಮ ತಂದೆಯವರು ಮೂರು ತಿಂಗಳಿಂದ ಇಮಾಟಿನಿಬ್ ಸೇವಿಸುತ್ತಿದ್ದರೂ ಬಿಸಿಆರ್-ಎಬಿಎಲ್ (ಈ ಕ್ಯಾನ್ಸರಿಗೆ ಕಾರಣವಾದ ಜೀನ್ ರಕ್ತದಲ್ಲಿ ಎಷ್ಟಿದೆ ಎಂಬ ಅಳತೆ) 14%ರಲ್ಲೇ ನಿಂತಿರುವುದಕ್ಕೆ ನಡುನಡುವೆ ತಪ್ಪಿದ ಮಾತ್ರೆಗಳೇ ಕಾರಣವಿರಬಹುದು. ವಾಕರಿಕೆ, ಸ್ನಾಯುಸೆಳೆತ ತಾಳಲಾರದೆ ನನ್ನ ತಾಯಿಯವರೂ ಹೇಳದೆಯೇ ಬಿಟ್ಟಿದ್ದರು. ಮೊದಲು, ಗದರಿಸದೆ, ಉಳಿದ ಮಾತ್ರೆಗಳನ್ನು ಎಣಿಸಿ. ಆಮೇಲೆ ನಾಟಿ ಔಷಧವೂ ಸೇರಿದಂತೆ ಅವರು ತೆಗೆದುಕೊಳ್ಳುವ ಎಲ್ಲದರ ಪಟ್ಟಿಯನ್ನು ರಕ್ತರೋಗ ತಜ್ಞರಿಗೆ ತೋರಿಸಿ, ಏಕೆಂದರೆ ಮೂರ್ಛೆರೋಗದ ಫಿನಿಟಾಯಿನ್, ಕ್ಷಯರೋಗದ ರಿಫಾಂಪಿಸಿನ್‌ನಂಥವು ರಕ್ತದಲ್ಲಿ ಇಮಾಟಿನಿಬ್‌ನ ಪ್ರಮಾಣವನ್ನು ತಗ್ಗಿಸುತ್ತವೆ. ಒಂದರಿಂದ ಮೂರು ತಿಂಗಳೊಳಗೆ ಅದೇ ಪ್ರಯೋಗಾಲಯದಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಆಗಲೂ 10%ಕ್ಕಿಂತ ಕೆಳಗಿಳಿಯದಿದ್ದರೆ ಜೀನ್ ರೂಪಾಂತರದ ಪರೀಕ್ಷೆಯ ಬಗ್ಗೆ ಕೇಳಿ; ಇಮಾಟಿನಿಬ್ ಬದಲಿಗೆ ಡಾಸಾಟಿನಿಬ್ ಅಥವಾ ನಿಲೋಟಿನಿಬ್ ಕೊಡಬೇಕೇ ಎಂಬುದನ್ನು ನಿರ್ಧರಿಸಲು ಅದು ನೆರವಾಗುತ್ತದೆ. ಈ ಒಂದೇ ವರದಿಯಿಂದ ಔಷಧ ವಿಫಲವಾಯಿತೆಂದು ಹೇಳಲಾಗದು. ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದವರ ಆಯುಷ್ಯ ಇಂದು ಸಹಜಕ್ಕೆ ಸಮೀಪವಿದೆ, ಆದ್ದರಿಂದ ವೈದ್ಯರನ್ನು ಕಾಣುವವರೆಗೆ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ.